ಹೊನ್ನಾವರಕ್ಕಿಂತ ಮುಂಚೆ ಕಿಲ್ವಾ

ಟಾಂಜಾನಿಯಾದ ದಾರ್ ಎಸ್ ಸಲಾಮಿನಲ್ಲಿರುವ ನನ್ನ ತಂಗಿಯ ಮನೆಗೆ ಬರುವ ನೆಂಟರು ಸಾಮಾನ್ಯವಾಗಿ ಜಾಂಜಿಬಾರಿಗೆ ಹೋಗುತ್ತಾರೆ. ಕೈಯಲ್ಲಿ ಸ್ವಲ್ಪ ಹೆಚ್ಚು ದುಡ್ಡಿದ್ದವರು ಸೆರೆಂಗೆಟಿಗೆ ಹೋಗಿ ಸಿಂಹ ನೋಡಿ ಬರುತ್ತಾರೆ. ನಾನು ಕಿಲ್ವಾಕ್ಕೆ ಹೋಗಬೇಕು ಎಂದಾಗ ಅವಳ ಗಂಡ ಊಟದ ತಟ್ಟೆಯಿಂದ ತಲೆಯೆತ್ತಿ, "ಅಲ್ಲೆಂತ ಇದೆ ಭಾವ? ಮುರಿದ ಗೋಡೆ, ಹುಲ್ಲು, ಸೆಕೆ" ಎಂದರು. ಹೋಗಿ ಬಂದ ಮೇಲೂ ಅವರ ಮಾತನ್ನು ಸುಳ್ಳೆನ್ನಲಾರೆ. ಆದರೆ ಆ ಮುರಿದ ಗೋಡೆಗಳಿಗೂ ನಾನು ಹುಟ್ಟಿ ಬೆಳೆದ ಹೊನ್ನಾವರಕ್ಕೂ ಒಂದು ಲೆಕ್ಕ ಬಾಕಿ ಇತ್ತು.

ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ 1331ರಲ್ಲಿ ಕಿಲ್ವಾ ದ್ವೀಪಕ್ಕೆ ಬಂದು, ತಾನು ಕಂಡ ಪಟ್ಟಣಗಳಲ್ಲಿ ಅತ್ಯಂತ ಸುಂದರವಾದವುಗಳ ಸಾಲಿಗೆ ಅದನ್ನು ಸೇರಿಸಿದ. ಅದಾದ ಹತ್ತು ಹನ್ನೊಂದು ವರ್ಷಕ್ಕೆ ಅವನು ನಮ್ಮ ಶರಾವತಿಯ ಅಳಿವೆಗೂ ಬಂದು, ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳೂ ಗಂಡುಮಕ್ಕಳಿಗೆ 23 ಶಾಲೆಗಳೂ ಇವೆ ಎಂದು ಬರೆದಿಟ್ಟ. ಇದು ಮೊದಲನೆಯ ಅತಿಥಿಯ ಕಥೆ. ಎರಡನೆಯ ಅತಿಥಿ ಪೋರ್ಚುಗಲ್ಲಿನ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡಾ. ಅವನು 1505ರ ಜುಲೈಯಲ್ಲಿ ಕಿಲ್ವಾವನ್ನು ಸೂರೆ ಮಾಡಿ, ಆಗಸ್ಟಿನಲ್ಲಿ ಮೊಂಬಾಸಾವನ್ನು ಸುಟ್ಟು, ಸೆಪ್ಟೆಂಬರಿನಲ್ಲಿ ಕಾರವಾರದ ಹತ್ತಿರದ ಅಂಜುದೀವ ದ್ವೀಪದಲ್ಲಿ ಲಂಗರು ಹಾಕಿ, ಅಕ್ಟೋಬರಿನಲ್ಲಿ ಹೊನ್ನಾವರದ ಹಡಗುಗಳಿಗೆ ಬೆಂಕಿ ಇಟ್ಟ. ಒಬ್ಬ ಹೊಗಳಿದ, ಒಬ್ಬ ಸುಟ್ಟ. ಇಬ್ಬರೂ ನಮ್ಮೂರಿಗೆ ಬರುವ ಮುಂಚೆ ಕಿಲ್ವಾವನ್ನು ಕಂಡಿದ್ದರು. ಹೊನ್ನಾವರದಲ್ಲಿ ಆ ಕಾಲದ ಪಟ್ಟಣವನ್ನು ನೋಡುತ್ತೇನೆಂದರೆ ನೋಡಲಿಕ್ಕೆ ಸಿಗುವುದು ಬಹಳ ಕಡಿಮೆ. ಕಿಲ್ವಾದಲ್ಲಿ ಗೋಡೆಗಳಾದರೂ ನಿಂತಿವೆ ಎಂದು ಓದಿದ್ದೆ. ಅಷ್ಟಕ್ಕೇ ಹೊರಟೆ.

ದಾರ್ ಎಸ್ ಸಲಾಮಿನಿಂದ ದಕ್ಷಿಣಕ್ಕೆ ಕಿಲ್ವಾ ಮಸೋಕೊ ಸುಮಾರು 300 ಕಿಲೋಮೀಟರ್. ಬೆಳಗಿನ ಆರರ ಬಸ್ಸು ಏಳಕ್ಕೆ ಹೊರಟಿತು. ರುಫಿಜಿ ನದಿಗೆ 2003ರಲ್ಲಿ ಸೇತುವೆ ಆಗುವವರೆಗೆ ಇಲ್ಲಿ ದೋಣಿಯಲ್ಲೇ ದಾಟಬೇಕಿತ್ತಂತೆ; ಈಗ ಸುಮಾರು ಒಂದು ಕಿಲೋಮೀಟರ್ ಉದ್ದದ ಆ ಸೇತುವೆಯನ್ನು ಬಸ್ಸು ಒಂದೇ ಉಸಿರಿಗೆ ದಾಟಿಬಿಡುತ್ತದೆ. ಆಮೇಲೆ ಗೇರುಮರಗಳು ಶುರುವಾದವು. ನಿಂತಲ್ಲೆಲ್ಲ ಹೆಂಗಸರು ಹುರಿದ ಗೇರುಬೀಜದ ಪೊಟ್ಟಣಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಕಿಟಕಿಯ ಕೆಳಗೆ ಓಡಿಬರುತ್ತಿದ್ದರು. ಬ್ರೆಜಿಲಿನ ಈ ಮರವನ್ನು ಅವರ ಗುಡ್ಡಕ್ಕೂ ನಮ್ಮ ಗುಡ್ಡಕ್ಕೂ ತಂದು ನೆಟ್ಟವರು ಅದೇ ಪೋರ್ಚುಗೀಸರು. ಬೀಜದ ಮೇಲಿನ ಸಿಪ್ಪೆ ಸ್ವಲ್ಪ ಕರಟಿತ್ತು, ರುಚಿ ಮಾತ್ರ ನಮ್ಮ ಅಂಗಳದ್ದೇ. ನಂಗುರುಕುರು ಎಂಬ ಕೂಡುರಸ್ತೆಯಲ್ಲಿ ಹೆದ್ದಾರಿ ಬಿಟ್ಟು ಬಸ್ಸು ಸಮುದ್ರದ ಕಡೆಗೆ ತಿರುಗಿತು.

ಮಸೋಕೊ ಎಂದರೆ ಸ್ವಾಹಿಲಿಯಲ್ಲಿ ಸಂತೆಗಳು, ಕಿಸಿವಾನಿ ಎಂದರೆ ದ್ವೀಪದಲ್ಲಿ. ಈಗಿನ ಊರು ಕಿಲ್ವಾ ಮಸೋಕೊ ಮುಖ್ಯ ಭೂಮಿಯ ಮೇಲಿದೆ. ಹಳೆಯ ಪಟ್ಟಣ ಎದುರಿನ ದ್ವೀಪವಾದ ಕಿಲ್ವಾ ಕಿಸಿವಾನಿಯಲ್ಲಿದೆ. ನಡುವೆ ಎರಡು ಕಿಲೋಮೀಟರಿನಷ್ಟು ನೀರು. ದಾಟುವ ಮೊದಲು ಪ್ರಾಚ್ಯವಸ್ತು ಇಲಾಖೆಯ ಕಚೇರಿಯಲ್ಲಿ ಶುಲ್ಕ ಕಟ್ಟಿ ಪರವಾನಗಿ ಪಡೆಯಬೇಕು, ಮಾರ್ಗದರ್ಶಿಯನ್ನೂ ಅಲ್ಲಿಯೇ ಗೊತ್ತು ಮಾಡಿಕೊಳ್ಳಬೇಕು. ನಾನು ತಲುಪುವಾಗ ಹೊತ್ತು ಮೀರಿತ್ತು, ಹಾಗಾಗಿ ಅರ್ಧ ದಿನ ವಸತಿಗೃಹದ ಜಗಲಿಯ ಮೇಲೆ ಕಳೆಯಿತು. ರಾತ್ರಿ ಊಟಕ್ಕೆ ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನ ಬಂತು.

ಮರುದಿನ ಬೆಳಿಗ್ಗೆ ಬಂದ ಮಾರ್ಗದರ್ಶಿ ಇಪ್ಪತ್ತೈದರ ಆಸುಪಾಸಿನ ಹುಡುಗ, ದ್ವೀಪದವನೇ. ನನ್ನ ನರೆತ ತಲೆ ನೋಡಿ "ಶಿಕಮೂ, ಮ್ಜೆ" ಎಂದು ಸ್ವಲ್ಪ ಬಗ್ಗಿದ. ಮ್ಜೆ ಎಂದರೆ ಹಿರಿಯ. ಶಿಕಮೂ ಎಂಬುದರ ಮೂಲ ಅರ್ಥ "ನಿಮ್ಮ ಪಾದ ಹಿಡಿಯುತ್ತೇನೆ" ಎಂದು ತಂಗಿ ಮೊದಲೇ ಹೇಳಿಕೊಟ್ಟಿದ್ದಳು. ಅದಕ್ಕೆ ಹಿರಿಯರು "ಮರಹಬಾ" ಎಂದು ಉತ್ತರಿಸಬೇಕು. ನಮ್ಮಲ್ಲಿ ಕಾಲಿಗೆ ಬೀಳುವ ಹುಡುಗರು ಕಡಿಮೆಯಾಗಿದ್ದಾರೆ. ಇಲ್ಲಿ ಕನಿಷ್ಠ ಬಾಯಿಮಾತಿಗಾದರೂ ದಿನಕ್ಕೆ ಹತ್ತು ಸಲ ಬೀಳುತ್ತಾರೆ.

ದೋಣಿ ಹಾಯಿಯದ್ದು, ಹಿಂದೆ ಸಣ್ಣದೊಂದು ಎಂಜಿನ್ ಸಿಕ್ಕಿಸಿದ್ದರು. ಜನವರಿಯಾದ್ದರಿಂದ ಈಶಾನ್ಯದ ಗಾಳಿ ಹದವಾಗಿ ಬೀಸುತ್ತಿತ್ತು. ಇದಕ್ಕೆ ಇವರು ಕಸ್ಕಾಜಿ ಎನ್ನುತ್ತಾರೆ. ನವೆಂಬರಿನಿಂದ ಮಾರ್ಚಿನವರೆಗೆ ಕಸ್ಕಾಜಿಯದೇ ಕಾರುಬಾರು. ಏಪ್ರಿಲ್ ಕಳೆದ ಮೇಲೆ ದಕ್ಷಿಣದಿಂದ ಕುಸಿ ಎಂಬ ಗಾಳಿ ಎದ್ದು, ಸಮಭಾಜಕ ವೃತ್ತ ದಾಟಿ ಬಲಕ್ಕೆ ತಿರುಗಿ, ಜೂನ್ ಹೊತ್ತಿಗೆ ನಮ್ಮ ಮಾಡಿನ ಮೇಲೆ ಮುಂಗಾರಾಗಿ ಸುರಿಯುತ್ತದೆ. ಅರಬರೂ ಗುಜರಾತಿಗಳೂ ಕಸ್ಕಾಜಿಯಲ್ಲಿ ಬಟ್ಟೆ ಮಣಿಗಳನ್ನು ತುಂಬಿಕೊಂಡು ಬಂದು, ಕುಸಿ ಹಿಡಿದು ದಂತ ಚಿನ್ನಗಳನ್ನು ತುಂಬಿಕೊಂಡು ಮರಳುತ್ತಿದ್ದರು. ಕಿಲ್ವಾ ಬೆಳೆದದ್ದಕ್ಕೆ ಅರ್ಧ ಕಾರಣ ಈ ಗಾಳಿಯ ಲೆಕ್ಕದಲ್ಲೇ ಇದೆ. ಒಂದು ಋತುವಿನಲ್ಲಿ ಬಂದು, ವ್ಯಾಪಾರ ಮುಗಿಸಿ, ಅದೇ ವರ್ಷ ಊರಿಗೆ ಮರಳಬೇಕೆನ್ನುವ ಹಡಗು ದಕ್ಷಿಣಕ್ಕೆ ಹೋಗಬಹುದಾದ ಕೊನೆಯ ಊರು ಹೆಚ್ಚುಕಡಿಮೆ ಇದು. ಚಿನ್ನ ಸಿಗುತ್ತಿದ್ದದ್ದು ಇನ್ನೂ ದಕ್ಷಿಣದ ಸೊಫಾಲಾದಲ್ಲಿ; ಅಲ್ಲಿಗೆ ಅದು ಗ್ರೇಟ್ ಜಿಂಬಾಬ್ವೆ ಎಂಬ ಹಳೆಯ ಪಟ್ಟಣದ ಒಳನಾಡಿನಿಂದ ಇಳಿದು ಬರುತ್ತಿತ್ತು. ಹೊರಗಿನ ಹಡಗು ಅಷ್ಟು ದೂರ ಹೋದರೆ ಮರಳುವ ಗಾಳಿ ತಪ್ಪುತ್ತಿತ್ತು. ಸೊಫಾಲಾವನ್ನು ಹಿಡಿದುಕೊಂಡು ಕಿಲ್ವಾದ ಸುಲ್ತಾನರು ನಡುವೆ ಕುಳಿತರು, ಬರುವುದರ ಮೇಲೂ ಹೋಗುವುದರ ಮೇಲೂ ಸುಂಕ ಹಾಕಿದರು. ನಮ್ಮ ಕಡೆಯ ದಲ್ಲಾಳಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೋಣಿ ದ್ವೀಪಕ್ಕೆ ಹತ್ತಿರವಾಗುವಾಗ ಮೊದಲು ಕಾಣುವುದು ಕೋಟೆ, ನೀರಿನ ಅಂಚಿನಲ್ಲೇ ನಿಂತ ಚೌಕಾಕಾರದ ಕಟ್ಟಡ. ಹೆಸರು ಗೆರೆಜಾ. ಅಲ್ಮೇಡಾ 1505ರಲ್ಲಿ ಕಟ್ಟಿಸಿದ ಕೋಟೆಯ ಜಾಗ ಇದು. ಪೋರ್ಚುಗೀಸರು ಏಳೇ ವರ್ಷಕ್ಕೆ, 1512ರಲ್ಲಿ, ಅದನ್ನು ಬಿಟ್ಟು ಹೋದರು. ಈಗ ನಿಂತಿರುವುದರ ಬಹುಭಾಗ ಸುಮಾರು 1800ರಲ್ಲಿ ಓಮಾನಿನವರು ಕಟ್ಟಿದ್ದು. ಸ್ವಾಹಿಲಿಯಲ್ಲಿ ಗೆರೆಜಾ ಎಂದರೆ ಸೆರೆಮನೆ ಎಂದು ಹುಡುಗ ವಿವರಿಸಿದ. ಆ ಪದ ಪೋರ್ಚುಗೀಸರ ಇಗ್ರೇಜಾದಿಂದ ಬಂದದ್ದು ಎನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಇವತ್ತಿಗೂ ಚರ್ಚಿಗೆ ಇಗರ್ಜಿ ಎನ್ನುವುದು ಅದೇ ಪದದಿಂದ. ಒಂದೇ ಹಡಗಿನಲ್ಲಿ ಬಂದ ಒಂದೇ ಮಾತು ನಮ್ಮಲ್ಲಿ ದೇವರ ಮನೆಯಾಗಿ ಉಳಿದಿದೆ, ಇವರಲ್ಲಿ ಜೈಲಾಗಿ ಉಳಿದಿದೆ. ಇದನ್ನು ಹುಡುಗನಿಗೆ ಹೇಳಿದಾಗ ಅವನು ಜೋರಾಗಿ ನಕ್ಕು, ದೋಣಿಯವನಿಗೂ ತರ್ಜುಮೆ ಮಾಡಿ ಹೇಳಿದ. ದೋಣಿಯವನು ನಗಲಿಲ್ಲ, "ಸರಿಯೇ ಇದೆ" ಎಂಬಂತೆ ತಲೆ ಹಾಕಿದ.

ಕೋಟೆಯಿಂದ ಸ್ವಲ್ಪ ದೂರ ನಡೆದರೆ ದೊಡ್ಡ ಮಸೀದಿ. ಇದರ ಎದುರಿಗೆ ನಿಂತ ಮೇಲೆ ಬೇರೆ ಎಲ್ಲವನ್ನೂ ನೋಡುವ ಅವಸರ ನನಗೆ ಹೋಯಿತು. ಉತ್ತರದ ಹಳೆಯ ಭಾಗ ಹನ್ನೊಂದು-ಹನ್ನೆರಡನೆಯ ಶತಮಾನದ್ದು. ಅದಕ್ಕೆ ಈಗ ಮಾಡು ಇಲ್ಲ, ಗೋಡೆ ಮತ್ತು ಪ್ರಾರ್ಥನೆಯ ದಿಕ್ಕು ತೋರಿಸುವ ಗೂಡಾದ ಮಿಹ್ರಾಬು ಮಾತ್ರ ಬಿಸಿಲಿಗೆ ತೆರೆದುಕೊಂಡಿವೆ. ದಕ್ಷಿಣಕ್ಕೆ ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಸುಲ್ತಾನ ಅಲ್ ಹಸನ್ ಬಿನ್ ಸುಲೈಮಾನ್ ವಿಸ್ತರಿಸಿ ಕಟ್ಟಿಸಿದ. ಅವನು ನಿಲ್ಲಿಸಿದ ಒಂಟಿಕಲ್ಲಿನ ಕಂಬಗಳು ಭಾರ ತಾಳಲಿಲ್ಲ. ಹದಿನೈದನೆಯ ಶತಮಾನದಲ್ಲಿ ಆ ಭಾಗವನ್ನು ಗುಮ್ಮಟ ಕಮಾನುಗಳೊಂದಿಗೆ ಮತ್ತೆ ಕಟ್ಟಿದರು. ಆ ಗುಮ್ಮಟಗಳೇ ಈಗ ತಲೆಯ ಮೇಲಿರುವುದು. ಒಂದು ಗುಮ್ಮಟ, ಪಕ್ಕದಲ್ಲಿ ಉದ್ದನೆಯ ಕಮಾನುಮಾಡು, ಮತ್ತೆ ಗುಮ್ಮಟ, ಹೀಗೆ ಸಾಲುಸಾಲಾಗಿ ಹೋಗುತ್ತವೆ. ಕೆಲವು ಬಿದ್ದಿವೆ. ಬಿದ್ದ ಕಡೆಗಳಿಂದ ಬಿಸಿಲಿನ ತುಂಡುಗಳು ನೆಲಕ್ಕೆ ಇಳಿದಿದ್ದವು, ನಡುನಡುವೆ ತಂಪು ಕತ್ತಲೆ. ಮಗ್ಗುಲಲ್ಲಿದ್ದ ಅತಿ ದೊಡ್ಡ ಗುಮ್ಮಟ ಹತ್ತೊಂಬತ್ತನೆಯ ಶತಮಾನದವರೆಗೂ ಪೂರ್ವ ಆಫ್ರಿಕದಲ್ಲಿ ಎಲ್ಲಕ್ಕಿಂತ ದೊಡ್ಡದೆನ್ನಿಸಿಕೊಂಡಿತ್ತು; ಅದು ಬಿದ್ದು ಈಗ ಸುತ್ತಲಿನ ಗೋಡೆ ಉಳಿದಿದೆ.

ಹೊರಗಿನ ಅಂಗಳದಲ್ಲಿ ಕೈಕಾಲು ತೊಳೆಯುವ ತೊಟ್ಟಿ, ಬಾವಿ. ತೊಟ್ಟಿಯ ಬಳಿ ನೆಲಕ್ಕೆ ಕೂರಿಸಿದ ಗುಂಡನೆಯ ಕಲ್ಲು. ಪಾದ ಉಜ್ಜಿಕೊಳ್ಳಲಿಕ್ಕೆ ಎಂದು ಹುಡುಗ ತನ್ನ ಕಾಲಿಟ್ಟು ತೋರಿಸಿದ. ನಮ್ಮ ಬಚ್ಚಲುಮನೆಯ ಮೂಲೆಯಲ್ಲಿ ಅಜ್ಜಿ ಹಿಮ್ಮಡಿ ತಿಕ್ಕುತ್ತಿದ್ದ ಕಲ್ಲು ಇದ್ದದ್ದೂ ಇಷ್ಟೇ ಎತ್ತರದಲ್ಲಿ, ಇಷ್ಟೇ ನುಣುಪಾಗಿ. ಸುಲ್ತಾನರ ಹೆಸರುಗಳು ಮನಸ್ಸಿನಲ್ಲಿ ನಿಲ್ಲಲಿಲ್ಲ, ಈ ಕಲ್ಲು ನಿಂತಿತು.

ಇಬ್ನ್ ಬತೂತಾ ಹೇಳುವ ಕಥೆಯೊಂದು ನಡೆದದ್ದು ಇಂಥದೇ ಒಂದು ಬಾಗಿಲಿನಲ್ಲಿ. ಶುಕ್ರವಾರದ ಪ್ರಾರ್ಥನೆ ಮುಗಿಸಿ ಮನೆಗೆ ಹೊರಟ ಸುಲ್ತಾನ ಹಸನನನ್ನು ಯೆಮೆನ್ನಿನ ಒಬ್ಬ ಫಕೀರ ತಡೆದು, "ನೀವು ತೊಟ್ಟ ಬಟ್ಟೆ ನನಗೆ ಬೇಕು" ಎಂದನಂತೆ. ಕೊಡುತ್ತೇನೆ ಎಂದ ಸುಲ್ತಾನ. ಈಗಲೇ ಬೇಕು ಎಂದ ಫಕೀರ. ಸುಲ್ತಾನ ಮಸೀದಿಗೆ ಮರಳಿ, ಬೇರೆ ಬಟ್ಟೆ ಉಟ್ಟು, ತೊಟ್ಟದ್ದನ್ನು ಬಿಚ್ಚಿ ಕೊಟ್ಟ. ಜನ ಕೊಂಡಾಡಿದರು. ಆಮೇಲೆ ಸುಲ್ತಾನನ ಮಗ ಆ ಬಟ್ಟೆಯನ್ನು ಫಕೀರನಿಂದ ಮರಳಿ ಪಡೆದು ಬದಲಿಗೆ ಹತ್ತು ಗುಲಾಮರನ್ನು ಕೊಟ್ಟ. ಹೊಗಳಿಕೆ ಕಿವಿಗೆ ಬಿದ್ದ ಸುಲ್ತಾನ ಮತ್ತೂ ಹತ್ತು ಗುಲಾಮರನ್ನೂ ಎರಡು ಹೊರೆ ದಂತವನ್ನೂ ಸೇರಿಸಿದ. ಈ ಉದಾರತೆಗಾಗಿಯೇ ಅವನಿಗೆ ದಾನಗಳ ಒಡೆಯ ಎಂಬ ಅರ್ಥದ ಬಿರುದು ಬಂದಿತ್ತು. ಕಥೆಯನ್ನು ಊರಿನಲ್ಲಿ ಓದಿದಾಗ ನನಗೂ ಅದು ಔದಾರ್ಯದ ಕಥೆಯಾಗಿಯೇ ಕಂಡಿತ್ತು. ಇಲ್ಲಿ ಬಾಗಿಲ ಹೊಸ್ತಿಲಿನ ಮೇಲೆ ಕುಳಿತು ನೆನೆದಾಗ, ಒಂದು ಜೊತೆ ಬಟ್ಟೆಗೆ ಇಪ್ಪತ್ತು ಜನ ಎಂಬ ಲೆಕ್ಕ ಮಾತ್ರ ತಲೆಯಲ್ಲಿ ಉಳಿಯಿತು.

ಅವನ ಬರಹದಲ್ಲಿ ಇನ್ನೊಂದು ತೊಡಕಿದೆ. ಊರು ಮರದಿಂದ ಕಟ್ಟಿದ್ದು ಎನ್ನುತ್ತಾನೆ; ಕಲ್ಲಿನ ಈ ಮಸೀದಿಯೋ ಅವನು ಬರುವಾಗಲೇ ಇತ್ತು. ಅವನು ಇಲ್ಲಿಗೆ ಬರಲೇ ಇಲ್ಲ, ಕೇಳಿ ಬರೆದ ಎಂದು ಸಂಶಯಪಡುವವರಿದ್ದಾರೆ. ಆದರೆ ಮಸೀದಿ, ಅರಮನೆ ಮತ್ತು ಕೆಲವೇ ಶ್ರೀಮಂತರ ಮನೆಗಳು ಬಿಟ್ಟರೆ ಉಳಿದ ಊರು ಮರ, ಮಣ್ಣು, ತೆಂಗಿನ ಗರಿಗಳದ್ದೇ ಆಗಿದ್ದಿರಬೇಕು. ಈಗ ದ್ವೀಪದಲ್ಲಿರುವ ಹಳ್ಳಿಯೂ ಹಾಗೆಯೇ ಇದೆ: ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಮರದ ಗೂಟಗಳ ಹಂದರ, ಅದಕ್ಕೆ ಮೆತ್ತಿದ ಮಣ್ಣು, ಮೇಲೆ ಹೆಣೆದ ತೆಂಗಿನ ಮಡಲು. ಹೊನ್ನಾವರದ ಹೆಣ್ಣುಮಕ್ಕಳ 13 ಶಾಲೆಗಳನ್ನು ನಾನು ಅಭಿಮಾನದಿಂದ ನಂಬುವುದಾದರೆ ಕಿಲ್ವಾದ ಮರದ ಮನೆಗಳನ್ನೂ ನಂಬಬೇಕಾಗುತ್ತದೆ, ಸಾಕ್ಷಿ ಒಬ್ಬನೇ.

ಕಟ್ಟಡಗಳ ಕಲ್ಲಿನ ಬಗ್ಗೆ ಇಲ್ಲಿ ಒಂದೆರಡು ಮಾತು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ನನಗೆ ಈ ಪ್ರವಾಸದಲ್ಲಿ ಸಿಕ್ಕ ದೊಡ್ಡ ಸಂತೋಷ ಅದು. ಗೋಡೆಯೆಲ್ಲ ಹವಳದ ಕಲ್ಲು. ಸಾಮಾನ್ಯ ಗೋಡೆಗೆ ದಡದ ಮೇಲಿನ ಹಳೆಯ, ಗಟ್ಟಿಯಾದ ಹವಳದ ಬಂಡೆಯನ್ನು ಒಡೆದು ಸುಣ್ಣದ ಗಾರೆಯಲ್ಲಿ ಕೂರಿಸಿದ್ದಾರೆ. ಬಾಗಿಲ ಚೌಕಟ್ಟು, ಕಮಾನಿನ ಅಂಚು, ಮಿಹ್ರಾಬಿನಂಥ ನವುರು ಕೆಲಸಕ್ಕೆ ಮಾತ್ರ ಸಮುದ್ರದೊಳಗಿನ ಜೀವಂತ ಹವಳವನ್ನೇ ಕತ್ತರಿಸಿ ತರುತ್ತಿದ್ದರು. ನೀರಿನಿಂದ ಎತ್ತಿದಾಗ ಅದು ಉಳಿಗೆ ಬೆಣ್ಣೆಯಂತೆ ಬಗ್ಗುತ್ತದೆ, ಗಾಳಿಗೆ ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಸುಣ್ಣವನ್ನೂ ಹವಳ ಸುಟ್ಟೇ ಮಾಡುತ್ತಿದ್ದರು. ಹುಡುಗ ಇದನ್ನು ಬಲು ವಿಚಿತ್ರವೆಂಬಂತೆ ಹೇಳುತ್ತಿದ್ದಾಗ ನಾನು ಚಿರೆಕಲ್ಲನ್ನು ನೆನೆಸಿಕೊಳ್ಳುತ್ತಿದ್ದೆ. ನಮ್ಮ ಗುಡ್ಡದ ಪಣೆಯಲ್ಲಿ ಕೊಡಲಿಯಲ್ಲೇ ಕಡಿಯಬಹುದಾದಷ್ಟು ಮೆತ್ತಗಿರುವ ಕೆಂಪುಕಲ್ಲು ನಾಲ್ಕು ಬಿಸಿಲು ಕಂಡ ಮೇಲೆ ಕಬ್ಬಿಣವಾಗುತ್ತದೆ. ಗೋಡೆಗೆ ಬಳಿಯುವ ಸುಣ್ಣ ಹೊಳೆಯ ಚಿಪ್ಪಿ ಸುಟ್ಟು ಮಾಡಿದ್ದು. ಕಡಲಂಚಿನ ಎರಡು ಊರುಗಳ ಗಾರೆಯವರು ಒಬ್ಬರನ್ನೊಬ್ಬರು ಕಾಣದೆ ಒಂದೇ ಪಾಠ ಕಲಿತಿದ್ದರು: ಮೆತ್ತಗಿರುವಾಗ ಕೆತ್ತು, ಗಾಳಿಗೆ ಬಿಡು.

ಒಂದು ಬಾಗಿಲ ಪಕ್ಕದ ಕಲ್ಲಿಗೆ ಕಣ್ಣು ತಾಗುವಷ್ಟು ಹತ್ತಿರ ಹೋದೆ. ಮೇಲಿನ ಸುಣ್ಣದ ಹೊದಿಕೆ ಉದುರಿದ ಕಡೆ ಹವಳದ ಸಣ್ಣ ಸಣ್ಣ ಗೂಡುಗಳು ಜೇನುಹಟ್ಟಿನ ಹಾಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಆ ಗೂಡುಗಳನ್ನು ಅಡ್ಡ ಕತ್ತರಿಸಿಕೊಂಡು ಒಂದು ಹಗ್ಗದ ಹೆಣಿಗೆಯ ಕೆತ್ತನೆ ಹೋಗಿತ್ತು. ಒಂದು ಕಡೆ ಮಾತ್ರ ಉಳಿ ಜಾರಿ ಗೆರೆ ದಾಟಿತ್ತು. ಕೆತ್ತಿದವನು ಅದನ್ನು ಮುಚ್ಚಲು ಹೋಗದೆ ಮುಂದಿನ ಸುತ್ತನ್ನು ಸರಿಯಾಗಿ ಎತ್ತಿಕೊಂಡಿದ್ದ.

ಸಣ್ಣ ಗುಮ್ಮಟದ ಮಸೀದಿ ಹದಿನೈದನೆಯ ಶತಮಾನದ್ದು, ಎಲ್ಲಕ್ಕಿಂತ ಚೆನ್ನಾಗಿ ಉಳಿದಿರುವುದು. ನಡುವಿನ ಗುಮ್ಮಟದ ನೆತ್ತಿಯ ಮೇಲೆ ಎಂಟು ಮುಖದ ಒಂದು ಕಂಬ ನಿಂತಿದೆ, ಒಳಗೆ ಹೊಳಪಿನ ಪಿಂಗಾಣಿ ಬಟ್ಟಲುಗಳನ್ನು ಸುಣ್ಣದಲ್ಲಿ ಅಂಟಿಸಿದ್ದ ಗುಳಿಗಳಿವೆ. ಮಾಕುತಾನಿ ಎಂಬ ಹದಿನೆಂಟನೆಯ ಶತಮಾನದ ಅರಮನೆ ಕೋಟೆಗೋಡೆಯೊಳಗಿದೆ. ಎತ್ತರದ ಗೋಡೆಗಳಲ್ಲಿ ಮಾಡಿನ ತೊಲೆಗಳು ಕೂತಿದ್ದ ತೂತುಗಳ ಸಾಲು ಕಾಣುತ್ತದೆ. ಕೋಣೆಗಳ ಅಗಲವೆಲ್ಲ ಸುಮಾರು ಒಂದೇ. ಕಾಂಡ್ಲಾ ಮರದ ತೊಲೆ ಎಷ್ಟು ಉದ್ದ ಬರುತ್ತದೋ ಅಷ್ಟೇ ಅಗಲದ ಕೋಣೆ. ಸುಲ್ತಾನನ ಬಳಿ ಎಷ್ಟೇ ಚಿನ್ನವಿದ್ದರೂ ಆ ಮರಕ್ಕಿಂತ ದೊಡ್ಡ ಕೋಣೆ ಕಟ್ಟಲಾಗಲಿಲ್ಲ.

ಹುಸುನಿ ಕುಬ್ವಾ ಎಂಬ ಹಳೆಯ ಅರಮನೆಗೆ ಅಲ್ಲಿಂದ ಪೂರ್ವಕ್ಕೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ನಡಿಗೆ. ದಾರಿಯಲ್ಲಿ ಬಾವೊಬಾಬ್ ಮರಗಳು ಸಿಗುತ್ತವೆ, ಇವರು ಎಂಬುಯು ಎನ್ನುತ್ತಾರೆ. ಸವಣೂರಿನ ಮಠದಲ್ಲಿ ದೊಡ್ಡ ಹುಣಸೆ ಎಂದು ಜನ ಪೂಜಿಸುವ ಮರಗಳು ಇವೇ. ಸವಣೂರಿನಲ್ಲಿ ಅದನ್ನು ನೋಡಲು ಬಸ್ಸು ಮಾಡಿಕೊಂಡು ಹೋಗುತ್ತಾರೆ. ಇಲ್ಲಿ ಅದರ ಬುಡಕ್ಕೆ ಮೇಕೆ ಕಟ್ಟಿದ್ದರು.

ದಾರಿಯಲ್ಲಿ ಹುಡುಗ ದ್ವೀಪದ ಮಾರಾಟದ ಕಥೆ ಹೇಳಿದ. ಕಿಲ್ವಾದ ಹಳೆಯ ಬಖೈರಿನಲ್ಲೂ ಇದು ಬರುತ್ತದೆ. ಪರ್ಷಿಯಾದ ಶಿರಾಜಿನಿಂದ ಬಂದ ಅಲಿ ಬಿನ್ ಅಲ್ ಹಸನ್ ಎಂಬವನು ಇಲ್ಲಿನ ಒಡೆಯನಿಂದ ದ್ವೀಪವನ್ನು ಕೇಳಿದಾಗ, ದ್ವೀಪದ ಸುತ್ತ ಹಾಸುವಷ್ಟು ಬಣ್ಣದ ಬಟ್ಟೆ ಕೊಡು ಎಂದು ಒಡೆಯ ಬೆಲೆ ಕಟ್ಟಿದ. ಬಟ್ಟೆ ಎಣಿಸಿ ಕೊಟ್ಟದ್ದಾಯಿತು. ಇಳಿತದ ಹೊತ್ತಿನಲ್ಲಿ ಮುಖ್ಯ ಭೂಮಿಯಿಂದ ನಡೆದೇ ಬರಬಹುದಾದಷ್ಟು ತಗ್ಗಿದ್ದ ಜಾಗವನ್ನು ಹೊಸಬರು ಆಳಮಾಡಿಬಿಟ್ಟಿದ್ದರಿಂದ ಹಳೆಯ ಒಡೆಯನಿಗೆ ಮರಳಲಾಗಲಿಲ್ಲ. ಶಿರಾಜಿನ ರಾಜಕುಮಾರರ ಈ ಮಾತು ಬರೀ ಬಡಾಯಿ, ಸ್ವಾಹಿಲಿ ಪಟ್ಟಣಗಳನ್ನು ಕಟ್ಟಿದವರು ಆಫ್ರಿಕದವರೇ ಎಂದು ವಿದ್ವಾಂಸರು ಬಹುಕಾಲ ವಾದಿಸಿದರು. ಅದಕ್ಕೂ ಹಿಂದೆ ವಸಾಹತುಶಾಹಿ ವಿದ್ವಾಂಸರು ಇಷ್ಟು ಚಂದದ ಕಟ್ಟಡವನ್ನು ಆಫ್ರಿಕದವರು ಕಟ್ಟಿರಲಾರರು ಎಂದಿದ್ದರು. 2023ರಲ್ಲಿ ಈ ತೀರದ ಹಳೆಯ ಸಮಾಧಿಗಳ ಅಸ್ಥಿಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಬಂತು. ಸುಮಾರು 1000ನೆಯ ಇಸವಿಯ ಹೊತ್ತಿಗೆ ಪರ್ಷಿಯಾದ ಗಂಡಸರೂ ಆಫ್ರಿಕದ ಹೆಂಗಸರೂ ಕೂಡಿ ಸಂಸಾರ ಹೂಡಿದ್ದರು ಎಂದು ಅದು ತೋರಿಸಿತು; ಭಾರತದ ರಕ್ತವೂ ಸ್ವಲ್ಪ ಬೆರೆತಿತ್ತು. ಕಥೆಯಲ್ಲಿ ಗಂಡಸರ ಹೆಸರುಗಳಷ್ಟೇ ಇವೆ. ಮಾತು, ಮನೆ, ಊಟ ಎಲ್ಲ ಹೆಂಗಸರದ್ದೇ ಉಳಿಯಿತು ಎಂಬುದಕ್ಕೆ ಸ್ವಾಹಿಲಿ ಭಾಷೆಯೇ ಸಾಕ್ಷಿ. ಅದರಲ್ಲಿ ಅರಬ್ಬೀ ಪದಗಳು ಬೇಕಾದಷ್ಟಿದ್ದರೂ ಎಲುಬು ಆಫ್ರಿಕದ ಬಂಟು ಭಾಷೆಗಳದ್ದು. ನಮ್ಮ ಕಡೆಯ ಗಾಡಿಯೂ ಅಲ್ಲಿ ಗಾರಿಯಾಗಿದೆ, ಲಕ್ಷ ಲಾಕಿಯಾಗಿದೆ.

ಹುಸುನಿ ಕುಬ್ವಾ ಕಡಲ ಮೇಲಿನ ದಿಬ್ಬದ ತುದಿಯಲ್ಲಿದೆ. ಫಕೀರನಿಗೆ ಬಟ್ಟೆ ಬಿಚ್ಚಿಕೊಟ್ಟ ಅದೇ ಹಸನ್ ಕಟ್ಟಿಸಿದ್ದು. ನೂರಕ್ಕೂ ಹೆಚ್ಚು ಕೋಣೆಗಳು; ದಕ್ಷಿಣಕ್ಕೆ ಸರಕು ಇಡುವ ಉಗ್ರಾಣಗಳ ದೊಡ್ಡ ಅಂಗಳ, ನಡುವೆ ಅಹವಾಲು ಕೇಳುವ ಮೆಟ್ಟಿಲುಗಳ ಅಂಗಳ, ತುದಿಗೆ ಗಾಳಿ ಬರುವ ಕಡೆ ವಾಸದ ಕೋಣೆಗಳು. ವ್ಯಾಪಾರ ಒಂದು ಕಡೆ, ದರ್ಬಾರು ಒಂದು ಕಡೆ, ಮಲಗುವ ಮನೆ ಒಂದು ಕಡೆ. ನಮ್ಮೂರಿನ ಹಳೆಯ ಜವಳಿ ಅಂಗಡಿಯವರ ಮನೆಯ ನಕ್ಷೆಯೂ ಇದೇ, ಅಳತೆ ಬೇರೆ. ಕಟ್ಟಡ ಪೂರ್ತಿಯಾಗಲೇ ಇಲ್ಲ, ಕಟ್ಟಿದ ಸ್ವಲ್ಪ ಕಾಲಕ್ಕೇ ಬಿಟ್ಟುಬಿಟ್ಟರು. ಎಂಟು ಮೂಲೆಯ ಒಂದು ಸ್ನಾನದ ಕೊಳ ಮಾತ್ರ ಇನ್ನೂ ಅಂಚು ಕಳೆದುಕೊಳ್ಳದೆ ಉಳಿದಿದೆ. ಒಳಗೆ ಇಳಿಯಲು ಮೆಟ್ಟಿಲಿದೆ, ಬದಿಗಳಲ್ಲಿ ಕುಳಿತುಕೊಳ್ಳುವ ಗೂಡುಗಳಿವೆ. ನಾನು ಒಂದು ಗೂಡಿನ ಅಂಚಿನಲ್ಲಿ ಕುಳಿತೆ. ಕೊಳದಲ್ಲಿ ಒಣಗಿದ ಎಲೆ, ಎರಡು ಓತಿಕ್ಯಾತ. ಈ ದಿಬ್ಬದ ಮೇಲೆ ಇದನ್ನು ತುಂಬಿಸುವಷ್ಟು ನೀರನ್ನು ಹೊತ್ತವರು ಯಾರು ಎಂದು ಹುಡುಗನನ್ನು ಕೇಳಿದೆ. ಅವನು ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡು, "ನಮ್ಮ ಮುತ್ತಜ್ಜಂದಿರು, ಮ್ಜೆ. ಸುಲ್ತಾನನ ಮೊಮ್ಮಕ್ಕಳು ಎಂದು ಹೇಳಿಕೊಳ್ಳುವವರು ಬೇರೆ ಊರಲ್ಲಿದ್ದಾರೆ" ಎಂದ.

ಗುಲಾಮರ ಮಾತು ಇಲ್ಲಿ ಎಲ್ಲಿ ಹೋದರೂ ಕಾಲಿಗೆ ತೊಡರುತ್ತದೆ. ಚಿನ್ನದ ಕಾಲ ಮುಗಿದ ಮೇಲೆ, 1776ರಲ್ಲಿ ಕಿಲ್ವಾದ ಸುಲ್ತಾನ ಮೊರಿಸ್ ಎಂಬ ಫ್ರೆಂಚ್ ವ್ಯಾಪಾರಿಯೊಂದಿಗೆ ವರ್ಷಕ್ಕೆ 1000 ಗುಲಾಮರನ್ನು ಒದಗಿಸುವ ಕರಾರು ಮಾಡಿಕೊಂಡ. ಈಗಿನ ಮಾರಿಷಸ್ಸಿನ ಕಬ್ಬಿನ ಗದ್ದೆಗಳಿಗೆ ಕೈಗಳು ಬೇಕಾಗಿದ್ದವು. ಯಲ್ಲಾಪುರ, ಹಳಿಯಾಳಗಳ ಸಿದ್ದಿಗಳ ಪೂರ್ವಜರು ಬಂದ ಹಡಗುಗಳು ಬೇರೆ, ಅವರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಗೋವೆಗೆ ತಂದಿದ್ದರು. ತೀರ ಮಾತ್ರ ಇದೇ ತೀರ. ಹಳಿಯಾಳದ ಸಂತೆಯಲ್ಲಿ ಕಂಡ ಎಷ್ಟೋ ಮುಖಗಳು ನನಗೆ ಬೆಳಗಿನಿಂದ ಇಲ್ಲಿ ಎದುರಾಗುತ್ತಿದ್ದವು.

ಚಿನ್ನದ ಕಾಲವೂ ಇದ್ದಕ್ಕಿದ್ದಂತೆ ಮುಗಿದದ್ದಲ್ಲ. ಒಳನಾಡಿನಲ್ಲಿ ಗ್ರೇಟ್ ಜಿಂಬಾಬ್ವೆ ಹದಿನೈದನೆಯ ಶತಮಾನದಲ್ಲಿ ಬರಿದಾಯಿತು, ಅರಮನೆಯೊಳಗೆ ಪಟ್ಟದ ಜಗಳಗಳು ಹೆಚ್ಚಿದವು. ಆಮೇಲೆ 1502ರಲ್ಲಿ ವಾಸ್ಕೋ ಡ ಗಾಮ ಬಂದು ಹೆದರಿಸಿ ಕಪ್ಪ ವಸೂಲು ಮಾಡಿದ. ಆ ಚಿನ್ನದಲ್ಲಿ 1506ರಲ್ಲಿ ಮಾಡಿದ ಬೆಲೆಮ್ಮಿನ ಪೂಜಾಪಾತ್ರೆ ಲಿಸ್ಬನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಮೇಡಾ ಊರನ್ನು ಸೂರೆ ಮಾಡಿ ತನಗೆ ಬೇಕಾದ ಒಬ್ಬನನ್ನು ಸುಲ್ತಾನನ ಗದ್ದುಗೆಗೆ ಕೂರಿಸಿದ. ತಲೆಗಿಡಲು ಕಿರೀಟ ಬೇಕಾದಾಗ ಕೊಚ್ಚಿಯ ರಾಜನಿಗೆಂದು ಲಿಸ್ಬನ್ನಿನಿಂದ ತಂದಿದ್ದ ಚಿನ್ನದ ಕಿರೀಟವನ್ನೇ ತೆಗೆದಿಟ್ಟರಂತೆ. ಎರಡು ದಡಗಳ ರಾಜರೂ ಆ ಹಡಗಿನ ಲೆಕ್ಕದಲ್ಲಿ ಒಂದೇ ಪೆಟ್ಟಿಗೆಯ ಸಾಮಾನು.

ಕಿಲ್ವಾದ ಸ್ವಂತ ನಾಣ್ಯ ತಾಮ್ರದ್ದು, ಉಗುರಿನಷ್ಟು ಸಣ್ಣದು. ಒಂದು ಬದಿಗೆ ಸುಲ್ತಾನನ ಹೆಸರು, ಇನ್ನೊಂದು ಬದಿಗೆ ಅದಕ್ಕೆ ಪ್ರಾಸ ಕೂಡುವ ದೇವರ ಸ್ತುತಿ. ನಾಣ್ಯವನ್ನು ಮಗುಚಿದರೆ ದ್ವಿಪದಿ ಪೂರ್ತಿಯಾಗುತ್ತದೆ. ಹಸನನ ಅಂಥದೊಂದು ನಾಣ್ಯ ಗ್ರೇಟ್ ಜಿಂಬಾಬ್ವೆಯಲ್ಲಿ ಸಿಕ್ಕಿದೆ. 1944ರಲ್ಲಿ ಆಸ್ಟ್ರೇಲಿಯಾದ ಉತ್ತರದ ವೆಸೆಲ್ ದ್ವೀಪಗಳ ಮರಳಿನಲ್ಲಿ ಒಬ್ಬ ಸೈನಿಕನಿಗೆ ಸಿಕ್ಕಿದ ನಾಣ್ಯಗಳಲ್ಲಿ ಐದು ಕಿಲ್ವಾದವು.

ಮರಳುವಾಗ ದೋಣಿಯವನು ಹುಸುನಿಯ ಕೆಳಗೇ ಬಂದು ಕಾಯುತ್ತಿದ್ದ. ಹಸನನ ಕಾಲದಲ್ಲಿ ಸರಕು ಹತ್ತಿದ ಮೆಟ್ಟಿಲುಗಳ ಗುರುತು ಹಿಡಿದು ಇಳಿದೆವು. ಇಳಿತ ಜೋರಾಗಿತ್ತು. ದೋಣಿಗೂ ನಮಗೂ ನಡುವೆ ಅರ್ಧ ಫರ್ಲಾಂಗು ಕೆಸರು, ಕಾಂಡ್ಲಾ ಬೇರುಗಳು. ದ್ವೀಪವನ್ನು ಕಡಲು ಕೊರೆಯುತ್ತಿದೆ; 1981ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ತಾಣ 2004ರಿಂದ ಹತ್ತು ವರ್ಷ ಅಪಾಯದಲ್ಲಿರುವವುಗಳ ಪಟ್ಟಿಯಲ್ಲಿತ್ತು. ದಡ ಉಳಿಯಲಿ ಎಂದು ಕಾಂಡ್ಲಾ ನೆಟ್ಟದ್ದನ್ನು ಹುಡುಗ ದೂರದಿಂದ ತೋರಿಸುತ್ತಿದ್ದ. ಶರಾವತಿಯ ಕಾಂಡ್ಲಾವನದಲ್ಲಿ ಹಲಗೆ ಹಾಸಿದ ಕಾಲುದಾರಿಯ ಮೇಲೆ ಸಲೀಸಾಗಿ ನಡೆದ ಅಭ್ಯಾಸದವನು ಇಲ್ಲಿ ನಾಲ್ಕನೆಯ ಹೆಜ್ಜೆಗೆ ಮೊಣಕಾಲವರೆಗೆ ಹೂತೆ. ಬಲಗಾಲಿನ ಚಪ್ಪಲಿ ಕೆಸರಿನೊಳಗೇ ಉಳಿಯಿತು. ಹುಡುಗ ಭುಜದವರೆಗೆ ಕೈಯಿಳಿಸಿ ಹುಡುಕಿದ. ಒಂದು ಕಪ್ಪು ಚಿಪ್ಪಿ ಸಿಕ್ಕಿತು, ಚಪ್ಪಲಿ ಸಿಗಲಿಲ್ಲ.

ದೋಣಿ ಹತ್ತಿ ಕಾಲು ತೊಳೆದುಕೊಳ್ಳುತ್ತಿರುವಾಗ ದೋಣಿಯವನು ಎಂಜಿನ್ ಹಚ್ಚದೆ ಹಾಯಿ ಬಿಚ್ಚಿದ. ನಿಮ್ಮೂರು ಯಾವ ಕಡೆ ಎಂದು ಹುಡುಗನ ಮೂಲಕ ಕೇಳಿದ. ನಾನು ದಿಕ್ಕು ಹುಡುಕುತ್ತಿದ್ದೆ, ಅಷ್ಟರಲ್ಲಿ ಅವನೇ ಹಾಯಿಯ ಹಗ್ಗ ಹಿಡಿದ ಕೈ ಬಿಡದೆ, ಕಸ್ಕಾಜಿ ಬರುತ್ತಿದ್ದ ಕಡೆಗೆ ಗದ್ದ ಚಾಚಿ, "ಕುಲೆ?" ಎಂದ. ಅಲ್ಲೇ ಎಂದೆ.